ಅವಘಾತವೂ ಅಡಿಟಿಪ್ಪಣಿಯೂ

ವಿದ್ವತ್ಪತ್ರಿಕೆಯೊಂದಕ್ಕೆ ಲೇಖನವನ್ನು ಕಳುಹಿಸಲು ಹೊರಟವನ ಕೆಲಸವು, ಸಿದ್ಧಾಂತವನ್ನು ಸ್ಥಾಪಿಸಿ, ಪೂರ್ವಪಕ್ಷಗಳಿಗೆಲ್ಲ ಸಮಾಧಾನ ಹೇಳಿ, ಕೊನೆಯ ವಾಕ್ಯಕ್ಕೆ ಪೂರ್ಣವಿರಾಮವನ್ನಿಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಆಮೇಲೆ ಬರುವುದು ಗ್ರಂಥಋಣದ ಪಟ್ಟಿ. ಗ್ರಂಥಕರ್ತನ ಹೆಸರಿನ ಮುಂದೆ ಅಲ್ಪವಿರಾಮವೊ ಬಿಂದುವೊ, ಪ್ರಕಟಣೆಯ ವರ್ಷವು ಹೆಸರಿನ ಬೆನ್ನಿಗೇ ಬರಬೇಕೊ ಸಾಲಿನ ತುದಿಗೆ ಸಲ್ಲಬೇಕೊ, ಗ್ರಂಥದ ಹೆಸರು ಓರೆಯಕ್ಷರದಲ್ಲಿರಬೇಕೊ ಉದ್ಧರಣಚಿಹ್ನೆಯೊಳಗಿರಬೇಕೊ, ಪುಟಸಂಖ್ಯೆಗೆ ಮೊದಲು ‘ಪು.’ ಎಂದು ಬರೆಯತಕ್ಕದ್ದೊ ಬರೆಯಬಾರದೊ, ಇವೆಲ್ಲಕ್ಕೂ ವಿಧಿಗಳುಂಟು. ಒಂದು ಪತ್ರಿಕೆಯ ವಿಧಿಯು ಇನ್ನೊಂದರ ನಿಷೇಧ. ಒಂದು ಕಡೆಯಿಂದ ತಿರಸ್ಕೃತವಾದ ಲೇಖನವನ್ನು ಮತ್ತೊಂದು ಕಡೆಗೆ ಕಳುಹಿಸುವಾಗ ಅದರ ಒಂದು ವಿಚಾರವೂ ಬದಲಾಗದಿದ್ದರೂ ಪಟ್ಟಿಯ ಸಾಲುಸಾಲೂ ಬದಲಾಗಬೇಕಾಗುತ್ತದೆ. ಇದನ್ನು ಕಂಡು ನಗುವವರಿದ್ದಾರೆ. ಸಿಡಿಮಿಡಿಗೊಳ್ಳುವವರು ಅವರಿಗಿಂತ ಹೆಚ್ಚಾಗಿದ್ದಾರೆ. ಆದರೆ ಇದರೊಳಗೆ ಅಡಗಿರುವ ಪ್ರಶ್ನೆಯು ಹೊಸದಲ್ಲ. ಹೀಗೆಯೇ ಮಾಡಬೇಕೆಂಬ ವಿಧಿಯೊಂದಕ್ಕೆ, ಆ ಕೆಲಸದ ಕಣ್ಣಿಗೆ ಕಾಣುವ ಪ್ರಯೋಜನವನ್ನು ಮೀರಿದ ಅರ್ಥವೇನಾದರೂ ಇದೆಯೆ? ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ತಾಳ್ಮೆಯಿಂದ, ಲೇಶವೂ ಭಾವಾವೇಶವಿಲ್ಲದೆ ವಿಚಾರಿಸಿದವರು ಮೀಮಾಂಸಕರು.

ದರ್ಶಪೂರ್ಣಮಾಸಯಾಗದಲ್ಲಿ ಪುರೋಡಾಶವೆಂಬ ಹವಿಸ್ಸಿಗೆ ಬೇಕಾದ ಬತ್ತವನ್ನು ಒರಳಿಗೆ ಹಾಕಿ ಕುಟ್ಟಬೇಕೆಂಬ ವಿಧಿಯಿದೆ. ಶಾಸ್ತ್ರದಲ್ಲಿ ಇದಕ್ಕೆ ಅವಘಾತವೆಂದು ಹೆಸರು. ಕುಟ್ಟಿದರೆ ಹೊಟ್ಟು ಹೋಗುತ್ತದೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ, ಅದನ್ನು ವೇದವೇ ಬಂದು ಹೇಳಬೇಕಾಗಿಲ್ಲ. ಅಲ್ಲದೆ ಹೊಟ್ಟನ್ನು ಉಗುರಿನಿಂದ ಸುಲಿದು ತೆಗೆದರೂ ಅಕ್ಕಿಯು ಅಕ್ಕಿಯೇ. ಹಾಗಿರಲು, ಕುಟ್ಟಿಯೇ ತೆಗೆಯಬೇಕೆಂದು ವಿಧಿಸಿದುದೇಕೆ? ಹೊಟ್ಟು ಹೋಗುವುದು ದೃಷ್ಟಫಲ. ಹಲವು ಉಪಾಯಗಳಿರುವಲ್ಲಿ ಇದೊಂದನ್ನೇ ಹಿಡಿಯತಕ್ಕದ್ದೆಂಬ ನಿಯಮದಿಂದ ಹುಟ್ಟುವುದು ಕಣ್ಣಿಗೆ ಕಾಣದ ಬೇರೊಂದು ಅತಿಶಯ, ಅದೇ ನಿಯಮಾಪೂರ್ವ ಎಂಬುದು ಮೀಮಾಂಸಕರ ಉತ್ತರ. ಇಷ್ಟು ಹೇಳಿದವರೇ ಇನ್ನೊಂದು ಕಟ್ಟನ್ನೂ ಹಾಕಿಕೊಂಡರು: ದೃಷ್ಟವಾದ ಪ್ರಯೋಜನವು ಸಿಕ್ಕುವ ಕಡೆಯಲ್ಲಿ ಅದೃಷ್ಟವನ್ನು ಕಲ್ಪಿಸಲಾಗದು. ಕರ್ಮಠರೆಂದು ಹೆಸರಾದವರು ಅಗೋಚರದ ವಿಷಯದಲ್ಲಿ ಇಷ್ಟು ಜಿಪುಣರಾಗಿದ್ದರೆಂಬುದನ್ನು ನಾವು ಮರೆಯುವುದೇ ಹೆಚ್ಚು.

ಉಲ್ಲೇಖದ ವಿಧಿಗಳಲ್ಲಿ ದೃಷ್ಟಫಲದ ಪಾಲೇ ದೊಡ್ಡದೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ತಾಳಗುಂದದ ಸ್ತಂಭಶಾಸನವನ್ನು ಕುರಿತು ಬರೆಯುವವನು ‘ಎ.ಕ. ೭, ಶಿಕಾರಿಪುರ ೧೭೬’ ಎಂದಿಷ್ಟನ್ನು ಕಾಣಿಸಿದರೆ ಸಾಕು. ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನೂ, ಮಯೂರಶರ್ಮನು ಕಂಚಿಯಲ್ಲಿ ಪಲ್ಲವರ ರಾವುತನೊಡನೆ ಜಗಳವಾಡಿದುದನ್ನೂ ಬಣ್ಣಿಸುವ ಕುಬ್ಜಕವಿಯ ಆ ಸಂಸ್ಕೃತರಚನೆಯು ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಓದುಗನ ಕೈಗೆ ನೇರವಾಗಿ ದೊರೆಯುತ್ತದೆ. ಆದರೆ ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು. ಅವುಗಳಲ್ಲಿ ಶಾಸನಗಳ ಸಂಖ್ಯೆಗಳು ಬೇರೆ. ಅಂದಿನಿಂದ, ಹಳೆಯ ಆವೃತ್ತಿಯೊ ಪರಿಷ್ಕೃತವೊ ಎಂಬುದನ್ನು ಸೂಚಿಸದೆ ಬರಿದೆ ‘ಎ.ಕ.’ ಎಂದು ಬರೆದ ಅಡಿಟಿಪ್ಪಣಿಯು ಓದುಗನನ್ನು ಬೇರೊಂದು ಊರಿನ ಬೇರೊಂದು ಕಲ್ಲಿನ ಮುಂದೆ ಒಯ್ದು ನಿಲ್ಲಿಸಬಲ್ಲುದು. ಆವರಣದೊಳಗಿನ ಒಂದು ‘ಪ’ಕಾರವು ಅಲ್ಲಿ ಮಾಡುವ ಉಪಕಾರವನ್ನು ಅನುಭವಿಸಿದವನು ಇಂತಹ ವಿಧಿಗಳನ್ನು ಸುಮ್ಮನೆ ಹಳಿಯಲಾರನು.

ಇನ್ನು ನಿಯಮದ ಪಾಲು. ವಾಕ್ಯದ ನಡುವೆಯೇ ಆವರಣದಲ್ಲಿ ಕರ್ತೃವಿನ ಹೆಸರನ್ನೂ ವರ್ಷವನ್ನೂ ಇಡುವ ಪದ್ಧತಿಯನ್ನು, ೧೮೮೧ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಅಂಡವನ್ನು ಕುರಿತು ಬರೆದ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕನಿಂದ ಮೊದಲುಗೊಳಿಸುವುದು ವಾಡಿಕೆ. ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯದ ಕೈಪಿಡಿಯು ೧೯೦೬ರಲ್ಲಿ ಅಚ್ಚಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸೂಚನೆಗಳು ೧೯೨೯ರಲ್ಲಿ ಮೊದಲು ಪ್ರಕಟವಾದಾಗ ಏಳು ಪುಟಗಳಷ್ಟಿದ್ದುವು. ಈಗಿನ ಏಳನೆಯ ಆವೃತ್ತಿಯು ನಾಲ್ಕು ನೂರು ಪುಟಗಳನ್ನು ದಾಟಿದೆ. ವೈದ್ಯಪತ್ರಿಕೆಗಳ ಸಂಪಾದಕರು ವ್ಯಾಂಕೂವರಿನಲ್ಲಿ ಸೇರಿ ತಮ್ಮದೊಂದು ಸಂಖ್ಯಾಕ್ರಮವನ್ನು ನಿಶ್ಚಯಿಸಿದುದು ೧೯೭೮ರಲ್ಲಿ. ಶ್ರೌತಸೂತ್ರಗಳು ಶಾಖೆಶಾಖೆಗೆ ಬೇರೆಯಾದಂತೆ ಇವೂ ಬೇರೆಯಾದುವು. ತನ್ನ ಶಾಖೆಯ ಪ್ರಯೋಗವನ್ನು ಬಿಟ್ಟು ಪರಶಾಖೆಯದನ್ನು ಹಿಡಿಯುವುದು ಅಲ್ಲಿ ಹೇಗೆ ದೋಷವೊ ಇಲ್ಲಿಯೂ ಹಾಗೆಯೆ.

ಆದರೆ ಮೀಮಾಂಸೆಯಲ್ಲಿ ಬಾಧವೆಂಬ ಒಂದು ವಿಚಾರವೂ ಇದೆ. ಒಂದು ಇಷ್ಟಿಯಲ್ಲಿ ಬತ್ತಕ್ಕೆ ಬದಲಾಗಿ ಕೃಷ್ಣಲವೆಂಬ ಚಿನ್ನದ ಕಾಳುಗಳನ್ನು ಉಪಯೋಗಿಸಬೇಕಾಗುತ್ತದೆ. ಪ್ರಕೃತಿಯಾಗದ ಧರ್ಮಗಳೆಲ್ಲ ವಿಕೃತಿಗೆ ಬರುವುದಾದ್ದರಿಂದ ಚಿನ್ನವನ್ನೂ ಒರಳಿಗೆ ಹಾಕಿ ಕುಟ್ಟಬೇಕೊ? ಬೇಡ, ಹೊಟ್ಟೇ ಇಲ್ಲದುದಕ್ಕೆ ಕುಟ್ಟುವುದರ ದ್ವಾರವೇ ಲೋಪವಾಗಿರುವುದರಿಂದ ಅವಘಾತವು ಬಾಧಿತವಾಗುತ್ತದೆ. ಬೇಯಿಸುವುದನ್ನು ಮಾತ್ರ ಶ್ರುತಿಯು ಬಾಯಿಬಿಟ್ಟು ಹೇಳಿರುವುದರಿಂದ, ಚಿನ್ನವು ಮೆತ್ತಗಾಗದಿದ್ದರೂ, ತುಪ್ಪದಲ್ಲಿ ಬೇಯಿಸಲೇಬೇಕು. ಧಾರವಾಡದ ಮನೋಹರ ಗ್ರಂಥಮಾಲೆಯ ಅಥವಾ ಮೈಸೂರಿನ ಕಾವ್ಯಾಲಯದ ಪುಸ್ತಕವು ಬೇಕಾದವನು ಆ ಊರಿಗೆ ಕಾಗದ ಬರೆದು ತರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಪ್ರಕಾಶಕರ ಊರಿನ ಹೆಸರಿಗೆ ದೃಷ್ಟಪ್ರಯೋಜನವಿತ್ತು. ಲೇಖನಕ್ಕೂ ಗ್ರಂಥಕ್ಕೂ ಅಳಿಯದ ಅಂಕೆಯೊಂದನ್ನು ಕೊಟ್ಟು, ಆ ಅಂಕೆಯಿಂದಲೇ ಲೋಕದ ಯಾವ ಮೂಲೆಯಿಂದಲಾದರೂ ಅದನ್ನು ತೆರೆಯಬಹುದಾದ ಏರ್ಪಾಡು ಬಂದ ಮೇಲೂ ಊರಿನ ಹೆಸರನ್ನು ಕೇಳುವುದು ಕೃಷ್ಣಲವನ್ನು ಕುಟ್ಟಿದಂತೆಯೇ ಸರಿ. ಮನಶ್ಶಾಸ್ತ್ರಜ್ಞರ ಕೈಪಿಡಿಯು ೨೦೧೯ರಲ್ಲಿ ಅದನ್ನು ಕೈಬಿಟ್ಟಿತು. ಷಿಕಾಗೋ ಕೈಪಿಡಿಯು ೨೦೨೪ರ ಆವೃತ್ತಿಯಲ್ಲಿ ಅದನ್ನೇ ಅನುಸರಿಸಿತು. ಬಾಧವನ್ನು ವಿಚಾರಿಸುವ, ಜೈಮಿನಿಯ ಮೀಮಾಂಸಾಸೂತ್ರಗಳ ಹತ್ತನೆಯ ಅಧ್ಯಾಯವನ್ನು ಆ ಸಂಪಾದಕರು ಓದಿರಲಾರರು. ನ್ಯಾಯವು ಒಂದೇ ಆದ್ದರಿಂದ ನಿರ್ಣಯವೂ ಒಂದೇ ಆಯಿತು.

ವಿಧಿಯು ವಸ್ತುವಿನ ಸ್ವರೂಪಕ್ಕೇ ವಿರುದ್ಧವಾಗುವ ಸಂದರ್ಭಗಳೂ ಇವೆ. ಕುಲನಾಮವನ್ನು ಮೊದಲಿಟ್ಟು ಉಳಿದುದನ್ನು ಮೊದಲಕ್ಷರಗಳಿಗೆ ಇಳಿಸಬೇಕೆಂಬುದು ಸಾಮಾನ್ಯ ನಿಯಮ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಇದು ಒಪ್ಪುತ್ತದೆ. ಗುಂಡಪ್ಪನವರ ‘ಡಿ. ವಿ.’ಯಾದರೊ ದೇವನಹಳ್ಳಿಯೆಂಬ ಊರು, ವೆಂಕಟರಮಣಯ್ಯನೆಂಬ ತಂದೆ, ಪುಟ್ಟಪ್ಪನವರ ‘ಕೆ. ವಿ.’ಯು ಕುಪ್ಪಳಿ ಮತ್ತು ವೆಂಕಟಪ್ಪ. ಇವರಿಗೆ ಕುಲನಾಮವೇ ಇಲ್ಲ. ಕೊಟ್ಟ ಹೆಸರೇ ಕೊನೆಯಲ್ಲಿ ನಿಂತು ಕುಲನಾಮದ ವೇಷವನ್ನು ಧರಿಸುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಈ ನಿಯಮವು ‘ಅಯ್ಯಂಗಾರ್, ಎಂ. ವಿ.’ ಎಂದು ಮಾಡಿ, ನಾಡೆಲ್ಲ ಕರೆದ ಮಾಸ್ತಿಯೆಂಬ ಹೆಸರನ್ನು ಒಂದು ಅಕ್ಷರಕ್ಕೆ ಇಳಿಸಿ, ಒಂದು ಸಮುದಾಯದ ಸಾವಿರಾರು ಜನರ ಗುಂಪಿನಲ್ಲಿ ಅವರನ್ನು ಕಳೆದುಬಿಡುತ್ತದೆ. ಅಲ್ಲಮಪ್ರಭುವನ್ನು ಯಂತ್ರವು ‘ಪ್ರಭು, ಅಲ್ಲಮ’ ಎಂದು ತಿರುಗಿಸುವುದನ್ನು ಕಂಡರೆ ನಗು ಬಂದರೂ ಅದು ಸಣ್ಣ ವಿಷಯವಲ್ಲ: ತನ್ನ ಮಾತಿನ ಕೊನೆಯಲ್ಲಿ ಗುಹೇಶ್ವರನ ಅಂಕಿತವನ್ನಿಟ್ಟು ತನ್ನ ಹೆಸರನ್ನು ಹೊರಗಿಟ್ಟವನಿಗೆ ನಾವು ಕುಲನಾಮವನ್ನು ಕಲ್ಪಿಸುತ್ತಿದ್ದೇವೆ.

ಹೀಗೆ ಹೆಸರು ಹೇಳುವುದಾದರೂ ಯಾತಕ್ಕೆ? ಪ್ರಾಮಾಣ್ಯಕ್ಕಾಗಿಯೆಂದು ಥಟ್ಟನೆ ಉತ್ತರ ಬರುತ್ತದೆ. ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಹತ್ತು ಮಂದಿ ಪೂರ್ವಾಚಾರ್ಯರನ್ನು ಹೆಸರಿಸಿದ್ದಾನೆ. ಅರ್ಧಮಾತ್ರೆಯನ್ನು ಉಳಿಸಿದರೆ ಪುತ್ರೋತ್ಸವದ ಸಂತೋಷವನ್ನು ಅನುಭವಿಸುವರೆಂದು ಹೆಸರಾದ ವೈಯಾಕರಣರ ಗ್ರಂಥದಲ್ಲಿ ಒಂದು ಹೆಸರಿನ ಮೂರು ನಾಲ್ಕು ಅಕ್ಷರಗಳು ಕಡಿಮೆ ವೆಚ್ಚವಲ್ಲ. ಅಷ್ಟಾಧ್ಯಾಯಿಗೆ ವೃತ್ತಿಯನ್ನು ಬರೆದ ಕಾಶಿಕಾಕಾರರು ಇದಕ್ಕೆ ಎರಡು ಕಾರಣಗಳನ್ನು ಕೊಡುತ್ತಾರೆ: ಕೆಲವೆಡೆ ಆಚಾರ್ಯನ ಹೆಸರು ವಿಕಲ್ಪಾರ್ಥ, ಎಂದರೆ ಈ ರೂಪವು ಅವನ ಮತದಲ್ಲಿ ಮಾತ್ರ ಎಂದು ತೋರಿಸುವುದಕ್ಕೆ; ಕೆಲವೆಡೆ ಪೂಜಾರ್ಥ. ಗೋಶಬ್ದದ ಮುಂದೆ ಅಗ್ರಶಬ್ದವು ಬಂದಾಗ ‘ಗವಾಗ್ರ’ವೆಂದಾಗುವುದನ್ನು ಹೇಳುವ ಸೂತ್ರದಲ್ಲಿ ಸ್ಫೋಟಾಯನನ ಹೆಸರಿದೆ; ವಿಕಲ್ಪವೆಂಬುದು ಹಿಂದಿನ ಸೂತ್ರದಿಂದಲೇ ಅನುವೃತ್ತವಾಗಿ ಬರುತ್ತಿರುವುದರಿಂದ ಈ ಹೆಸರು ಏನನ್ನೂ ಸಾಧಿಸುವುದಿಲ್ಲ, ಗೌರವಕ್ಕಾಗಿ ಮಾತ್ರ ನಿಂತಿದೆ. ಇಂದಿನ ಸಂಪಾದಕನ ಕೈಗೆ ಸಿಕ್ಕಿದ್ದರೆ ಅನಾವಶ್ಯಕವೆಂದು ಹೊಡೆದುಹಾಕುತ್ತಿದ್ದನೊ ಏನೊ. ಹಾಗೆ ಹೊಡೆದುಹಾಕಿದ್ದರೆ ಅಷ್ಟಾಧ್ಯಾಯಿಯಲ್ಲಿ ಸ್ಫೋಟಾಯನನಿಗೆ ಇರುವ ಒಂದೇ ಒಂದು ನೆಲೆಯೂ ಇಲ್ಲವಾಗುತ್ತಿತ್ತು. ಕವಿರಾಜಮಾರ್ಗದಲ್ಲಿಯೂ ಹೀಗೆಯೆ: ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಕನ್ನಡ ಗದ್ಯಕಾರರ ಹೆಸರುಗಳು ಅಲ್ಲಿ ನಿಂತಿವೆ, ಅವರ ಗದ್ಯದ ಒಂದು ಸಾಲೂ ಉಳಿದಿಲ್ಲ. ಮೂಲವು ಅಳಿದ ಮೇಲೂ ಉಲ್ಲೇಖವು ಬಾಳುವುದೆಂಬ ಈ ಸಂಗತಿಯನ್ನು ಪ್ರಾಮಾಣ್ಯವೆಂಬ ಒಂದೇ ಪದದಿಂದ ವಿವರಿಸಲಾಗದು.

ಹಳೆಯ ವ್ಯಾಖ್ಯಾನಕಾರರು ನಮಗಿಂತ ಕಡಿಮೆ ಕಟ್ಟುನಿಟ್ಟಿನವರೆಂದು ಭಾವಿಸಬೇಕಾಗಿಲ್ಲ. ಮೂಲವಿಲ್ಲದುದನ್ನು ಬರೆಯೆನೆಂದು ಪ್ರತಿಜ್ಞೆ ಮಾಡಿ ತೊಡಗಿದ ಮಲ್ಲಿನಾಥನು ಪದದ ಅರ್ಥವನ್ನು ಹೇಳಿದೊಡನೆ ಅಮರವೆಂದೊ ವಿಶ್ವವೆಂದೊ ಯಾದವವೆಂದೊ ಕೋಶದ ಹೆಸರನ್ನು ಕೊಡುತ್ತಾನೆ. ಕಾಂಡವಿಲ್ಲ, ವರ್ಗವಿಲ್ಲ, ಶ್ಲೋಕಸಂಖ್ಯೆಯಿಲ್ಲ. ಏಕೆಂದರೆ ಅವನ ಓದುಗನು ಅಮರಕೋಶವನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದವನು. ಓದುಗನ ಸ್ಮೃತಿಯೇ ಗ್ರಂಥಾಲಯವಾಗಿದ್ದ ಕಾಲದಲ್ಲಿ ಹೆಸರೊಂದೇ ಪೂರ್ಣ ವಿಳಾಸವಾಗಿತ್ತು. ಆ ಸ್ಮೃತಿಯು ಕುಂದಿದಂತೆಲ್ಲ ಪುಟಸಂಖ್ಯೆಯು ಬೆಳೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ವಿಷಯದಲ್ಲಿ ನಮ್ಮ ನಾಡಿನ ಒಂದು ದೊಡ್ಡ ವಿವಾದವನ್ನು ನೆನೆಯಬೇಕು. ಉಡುಪಿಗೆ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ತಮ್ಮ ಭಾಷ್ಯಗಳಲ್ಲಿ ಮೂಲದ ಹೆಸರುಗಳನ್ನು ಧಾರಾಳವಾಗಿ ಕೊಡುತ್ತಾರೆ. ಬ್ರಹ್ಮತರ್ಕ, ಚತುರ್ವೇದಶಿಖೆ ಮೊದಲಾದ ಅವುಗಳಲ್ಲಿ ಅನೇಕವು ಬೇರೆಡೆ ದೊರೆಯುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಇದನ್ನು ಹಿಡಿದು ಆಕ್ಷೇಪಿಸಿದರು. ಅವರ ಸಮಕಾಲೀನರಾದ ವಿಜಯೀಂದ್ರತೀರ್ಥರು ಅವರ ಖಂಡನೆಗಳಿಗೆ ಪ್ರತ್ಯುತ್ತರ ಬರೆದರು. ವೇದದ ಎಷ್ಟೋ ಶಾಖೆಗಳು ಲುಪ್ತವಾಗಿರುವಾಗ ಇಂದು ದೊರೆಯದುದು ಅಂದೂ ಇರಲಿಲ್ಲವೆಂದು ಹೇಳುವುದು ಹೇಗೆಂಬುದು ಮಾಧ್ವರ ವಾದ. ವಿಯೆನ್ನಾದ ವಿದ್ವಾಂಸ ರೋಕ್ ಮೆಸ್ಕಿಟಾ ಕಳೆದ ಶತಮಾನದ ಕೊನೆಯಲ್ಲಿ ಹಳೆಯ ಆಕ್ಷೇಪವನ್ನು ಹೊಸ ಸಾಮಗ್ರಿಯೊಡನೆ ಎತ್ತಿದಾಗ ಬಿ. ಎನ್. ಕೆ. ಶರ್ಮರಂಥವರು ಅದನ್ನು ಬಲವಾಗಿ ನಿರಾಕರಿಸಿದರು. ಯಾರು ಗೆದ್ದರೆಂಬುದು ಇಲ್ಲಿ ನನ್ನ ವಿಷಯವಲ್ಲ. ಈ ವಾದವು ನಡೆಯಲು ಸಾಧ್ಯವಾದುದು ಆಚಾರ್ಯರು ಹೆಸರುಗಳನ್ನು ಹೇಳಿದುದರಿಂದ ಎಂಬುದನ್ನು ಗಮನಿಸಬೇಕು. ಶಿಷ್ಟರು ಹೀಗೆನ್ನುತ್ತಾರೆಂದು ಹೇಳಿ ಬಿಟ್ಟವನನ್ನು ಯಾರೂ ಪ್ರಶ್ನಿಸಲಾರರು, ಅವನು ಎಲ್ಲಿಯೂ ಕೈಗೆ ಸಿಕ್ಕುವುದಿಲ್ಲ. ಹೆಸರನ್ನಿಟ್ಟವನು ತನ್ನ ಪ್ರತಿಪಕ್ಷಿಗೆ ತಾನೇ ಆಯುಧವನ್ನು ಕೊಡುತ್ತಾನೆ. ಅಧಿಕಾರದ ಮುಂದೆ ತಲೆಬಾಗುವುದಕ್ಕಾಗಿ ಉಲ್ಲೇಖವಿದೆಯೆಂದು ತಿಳಿಯುವವರು ಇದನ್ನು ಕಾಣರು. ನನಗೆ ತೋರುವಂತೆ ಉಲ್ಲೇಖದ ಸಾರವು ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುವುದರಲ್ಲಿದೆ, ಉಳಿದ ಪೂಜೆ ಪ್ರಾಮಾಣ್ಯಗಳೆರಡೂ ಅದರ ಹಿಂದೆ ಬರುವಂಥವು.

ಹಾಗಾದರೆ ಬಿಂದುವಿರಾಮಗಳ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೊ? ಇಂದು ಜ಼ೊಟೆರೊ, ಎಂಡ್‌ನೋಟ್ ಮೊದಲಾದ ಸಾಧನಗಳು ಒಂದು ಶಾಖೆಯ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಮತ್ತೊಂದಕ್ಕೆ ತಿರುಗಿಸುತ್ತವೆ. ಯಜಮಾನನು ಸ್ವಹಸ್ತದಿಂದ ಎಲ್ಲವನ್ನೂ ಮಾಡಬೇಕಾಗಿಲ್ಲ, ಋತ್ವಿಜರನ್ನು ದಕ್ಷಿಣೆ ಕೊಟ್ಟು ಕೊಳ್ಳಬಹುದು, ಫಲವು ಯಜಮಾನನಿಗೇ ಸಲ್ಲುವುದು ಎಂಬ ನ್ಯಾಯವಿರುವುದರಿಂದ ಇದಕ್ಕೆ ಅಭ್ಯಂತರವಿಲ್ಲ. ಆದರೆ ದ್ರವ್ಯತ್ಯಾಗವೊಂದನ್ನು ಮಾತ್ರ ಯಜಮಾನನೇ ಮಾಡತಕ್ಕದ್ದು. ತನ್ನದನ್ನು ಇನ್ನೊಬ್ಬನ ಕೈಯಿಂದ ತ್ಯಜಿಸಲಾಗುವುದಿಲ್ಲ. ಮೂಲವನ್ನು ತೆರೆದು, ಆ ಪುಟದಲ್ಲಿ ಆ ಮಾತು ಇದೆಯೆಂದು ಕಣ್ಣಾರೆ ನೋಡುವುದು ಈ ತ್ಯಾಗದ ಸ್ಥಾನದಲ್ಲಿದೆ. ೨೦೨೩ರಲ್ಲಿ ನ್ಯೂಯಾರ್ಕಿನ ವಕೀಲರು ವಿಮಾನಸಂಸ್ಥೆಯೊಂದರ ಮೇಲಿನ ವ್ಯಾಜ್ಯದಲ್ಲಿ, ಚಾಟ್‌ಜಿಪಿಟಿಯು ಬರೆದುಕೊಟ್ಟ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ವಾದಿ, ಪ್ರತಿವಾದಿ, ಸಂಪುಟ, ಪುಟ, ವರ್ಷ, ಎಲ್ಲವೂ ಕ್ರಮವತ್ತಾಗಿದ್ದುವು. ಅಂಥ ಮೊಕದ್ದಮೆಗಳು ಮಾತ್ರ ನಡೆದೇ ಇರಲಿಲ್ಲ. ನ್ಯಾಯಾಧೀಶರು ಐದು ಸಾವಿರ ಡಾಲರು ದಂಡ ವಿಧಿಸಿದರು. ಅಂಗಗಳೆಲ್ಲ ಇದ್ದು ಪ್ರಧಾನವೇ ಇಲ್ಲದ ಯಾಗವನ್ನು ನೋಡಬೇಕಾದರೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಸಿಕ್ಕಲಾರದು. ನಿಯಮಾಪೂರ್ವವೆಂದು ಏನಾದರೂ ಈ ಕೆಲಸದಲ್ಲಿ ಇರುವುದಾದರೆ ಅದು ಹುಟ್ಟುವುದು ಪಟ್ಟಿಯಲ್ಲಲ್ಲ, ಪಟ್ಟಿಯನ್ನು ಮಾಡುವವನಲ್ಲಿ: ಕರ್ತೃವಿನ ಹೆಸರನ್ನು ಅಕ್ಷರ ತಪ್ಪದೆ ಬರೆಯಲು, ಆವೃತ್ತಿಯ ವರ್ಷವನ್ನು ನೋಡಲು ಪುಸ್ತಕವನ್ನು ಮತ್ತೊಮ್ಮೆ ಕೈಗೆತ್ತಿಕೊಂಡವನು, ತಾನು ಉದ್ಧರಿಸಿದ ವಾಕ್ಯದ ಹಿಂದಿನ ವಾಕ್ಯವನ್ನೂ ಓದಿಬಿಡುತ್ತಾನೆ, ಎಷ್ಟೋ ವೇಳೆ ಅದು ಅವನ ವಾದಕ್ಕೆ ಅನುಕೂಲವಾಗಿರುವುದಿಲ್ಲ.

ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮ. ಸ್ಮೃತಿವಾಕ್ಯವೊಂದಕ್ಕೆ ಮೂಲಶ್ರುತಿಯು ಕಾಣದಿದ್ದರೂ ಅದು ಎಲ್ಲೋ ಇದ್ದಿರಬೇಕೆಂದು ಊಹಿಸಬಹುದೆಂದು ಜೈಮಿನಿಯು ಒಪ್ಪುತ್ತಾನೆ. ಆದರೆ ವೈಸರ್ಜನಹೋಮದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳತಕ್ಕದ್ದೆಂಬ ಸ್ಮೃತಿಗೆ ಅವನ ಭಾಷ್ಯಕಾರನಾದ ಶಬರಸ್ವಾಮಿಯು ಈ ಸೌಲಭ್ಯವನ್ನು ಕೊಡುವುದಿಲ್ಲ. ಯಾವನೋ ಅಧ್ವರ್ಯುವಿಗೆ ಬಟ್ಟೆಯ ಮೇಲೆ ಆಸೆಯಾಗಿತ್ತು, ಅಷ್ಟೆ. ಲೋಭವೆಂಬ ಹೇತುವು ಕಣ್ಣಿಗೆ ಕಾಣುತ್ತಿರುವಾಗ ಅದರ ಹಿಂದೆ ವೇದವನ್ನು ಊಹಿಸುವುದೇಕೆ? ಕರ್ಮಕಾಂಡದ ಭಾಷ್ಯಕಾರನೇ ಋತ್ವಿಜನ ಲೋಭವನ್ನು ಹೀಗೆ ಬಯಲಿಗೆಳೆದುದು ಸಾಮಾನ್ಯ ಧೈರ್ಯವಲ್ಲ. ಯೂಜೀನ್ ಗಾರ್ಫೀಲ್ಡರು ೧೯೬೦ರ ದಶಕದಲ್ಲಿ ವಿಜ್ಞಾನಲೇಖನಗಳ ಉಲ್ಲೇಖಸೂಚಿಯನ್ನು ಹೊರತಂದುದು ವಿಚಾರಗಳ ಜಾಡನ್ನು ಹಿಡಿಯುವುದಕ್ಕೆ. ೨೦೦೫ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದ ಅಂಕವು ಒಬ್ಬ ವಿದ್ವಾಂಸನ ಬರಹಗಳು ಎಷ್ಟು ಸಲ ಉಲ್ಲೇಖಗೊಂಡುವೆಂಬುದನ್ನು ಒಂದೇ ಸಂಖ್ಯೆಗೆ ಇಳಿಸಿತು. ಆ ಸಂಖ್ಯೆಯ ಮೇಲೆ ಹುದ್ದೆಯೂ ಬಡ್ತಿಯೂ ನಿಂತ ಮೇಲೆ ಉಲ್ಲೇಖವು ದಕ್ಷಿಣೆಯಾಯಿತು. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವವರು, ಪರಸ್ಪರ ಉಲ್ಲೇಖದ ಒಪ್ಪಂದ ಮಾಡಿಕೊಂಡವರು, ತಮ್ಮ ಪತ್ರಿಕೆಯ ಲೇಖನಗಳನ್ನೇ ಸೇರಿಸೆಂದು ಒತ್ತಾಯಪಡಿಸುವ ಸಂಪಾದಕರು, ಇವರ ಪಟ್ಟಿಗಳಲ್ಲಿ ಒಂದು ಅಲ್ಪವಿರಾಮವೂ ತಪ್ಪಿರುವುದಿಲ್ಲ. ಅಲ್ಲಿ ಕೇಳಬೇಕಾದುದು ಶಬರನ ಪ್ರಶ್ನೆಯನ್ನೆ.

ಕೊನೆಗೆ ಒಂದು ಕಷ್ಟವು ಉಳಿಯುತ್ತದೆ. ಮನಶ್ಶಾಸ್ತ್ರಜ್ಞರ ಕೈಪಿಡಿಯ ಪ್ರಕಾರ, ಬಾಯಿಮಾತಿನಲ್ಲಿ ಕೇಳಿ ತಿಳಿದು, ಓದುಗನು ತಾನಾಗಿ ಹೋಗಿ ಪಡೆಯಲಾಗದುದು ‘ವೈಯಕ್ತಿಕ ಸಂವಹನ’ವೆನಿಸಿಕೊಂಡು ಲೇಖನದ ಒಡಲಲ್ಲಿ ಮಾತ್ರ ಬರಬಹುದು; ಕೊನೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಓದುಗನು ಪರೀಕ್ಷಿಸಲಾರದುದನ್ನು ಪಟ್ಟಿಯಲ್ಲಿಡಬಾರದೆಂಬುದು ನಾನು ಮೇಲೆ ಹೇಳಿದ ತತ್ತ್ವಕ್ಕೇ ಅನುಗುಣವಾಗಿರುವುದರಿಂದ ಅದನ್ನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಕಿವಿಯಿಂದ ಕಿವಿಗೆ ಬಂದುದನ್ನೇ ಪರಮಪ್ರಮಾಣವೆಂದು ಬಗೆದ ದೇಶದಲ್ಲಿ, ಅದರ ಕರ್ತೃವನ್ನು ಯಾರೂ ಸ್ಮರಿಸದಿರುವುದೇ ಅದರ ಅಪೌರುಷೇಯತೆಗೆ ಗಮಕವೆಂದು ವಾದಿಸಿದ ಜನರ ನಡುವೆ, ಈ ನಿಯಮವು ವಿಚಿತ್ರವಾಗಿ ಕೇಳಿಸದಿರದು. ಮಲೆಯ ಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರಿಂದ ಕೇಳಿ ಬರೆದುಕೊಂಡ ಸಂಶೋಧಕನ ಪುಸ್ತಕವು ಗ್ರಂಥಋಣದಲ್ಲಿ ಸಂಪಾದಕನ ಹೆಸರಿನಿಂದ ಮೆರೆಯುತ್ತದೆ. ಹಾಡಿದವನು ಬಹಳವೆಂದರೆ ಮುನ್ನುಡಿಯ ಒಂದು ಸಾಲಿಗೆ ಸಲ್ಲುತ್ತಾನೆ. ಕೆನಡಾದ ಗ್ರಂಥಪಾಲಕಿ ಲೊರಿಸಿಯ ಮೆಕ್ಲಾಡ್ ೨೦೨೧ರಲ್ಲಿ ಅಲ್ಲಿಯ ಮೂಲನಿವಾಸಿಗಳ ಹಿರಿಯರನ್ನು ಉಲ್ಲೇಖಿಸಲು ಒಂದು ಮಾದರಿಯನ್ನು ಪ್ರಕಟಿಸಿದರು. ಹಿರಿಯನ ಹೆಸರು, ಅವನ ಜನಾಂಗ, ವಾಸಸ್ಥಳ, ಹೇಳಿದ ವಿಷಯ, ಹೇಳಿದ ದಿನ, ಇವು ಸೇರಿ ಅದು ಗ್ರಂಥಗಳ ಸಾಲಿನಲ್ಲೇ ನಿಲ್ಲುತ್ತದೆ. ಕನ್ನಡದ ವಿದ್ವತ್ಪತ್ರಿಕೆಗಳು ತಮ್ಮದೇ ಆದ ಅಂತಹ ಒಂದು ಸಾಲನ್ನು ನಿಶ್ಚಯಿಸಬಾರದೇಕೆ? ಹಾಡುಗಾರನ ಹೆಸರು, ಊರು, ದೀಕ್ಷೆ ಕೊಟ್ಟ ಗುರುವಿನ ಹೆಸರು, ಹಾಡಿದ ಕಾವ್ಯಭಾಗ (ಸಾಲು ಅಥವಾ ಕವಟು), ಕೇಳಿದ ತೇದಿ. ಧ್ವನಿಮುದ್ರಿಕೆಯಿದ್ದರೆ ಅದು ಇರುವ ಸ್ಥಳ. ವರ್ಣಾನುಕ್ರಮದಲ್ಲಿ ಅವನನ್ನು ಅವನ ಹೆಸರಿನಿಂದಲೇ ಇಡಬೇಕು, ತಿರುಗಿಸಬಾರದು.